ಕೊಡಗಿನ ತೋಟದಿಂದ ಟಾಕ್ಸಿಕಾಲಜಿ ಪಿಎಚ್‌ಡಿವರೆಗೆ: ಯಾವುದು ಮೊದಲು, ಯಾವುದು ಆಮೇಲೆ

ಪ್ರತಿ ವರ್ಷ ಮಳೆ ಶುರುವಾಗುವ ಹೊತ್ತಿಗೆ ನನಗೆ ಒಂದೇ ಥರದ ಫೋನ್ ಬರುತ್ತದೆ. ಗೋಣಿಕೊಪ್ಪ, ಸೋಮವಾರಪೇಟೆ, ಸಿದ್ದಾಪುರ ಕಡೆಯ ಹುಡುಗ ಹುಡುಗಿಯರು. ಎಂಎಸ್ಸಿ ಮುಗಿದಿದೆ. ಟಾಕ್ಸಿಕಾಲಜಿ, ಅಂದರೆ ವಿಷಗಳ ಅಧ್ಯಯನದಲ್ಲಿ ಪಿಎಚ್‌ಡಿಗೆ ಸೇರಿದ್ದಾರೆ, ಇಲ್ಲವೇ ಸೇರುವ ಆಸೆಯಿದೆ. "ಅಕ್ಕಾ, ನಮ್ಮ ತೋಟದಲ್ಲಿ ಮದ್ದು ಹೊಡೆಯುವವರ ರಕ್ತ ತೆಗೆದಿಟ್ಟಿದ್ದೇನೆ. ಮುಂದೇನು ಮಾಡಲಿ?" ಅಂತ ಕೇಳುತ್ತಾರೆ.

ಕೇಳಿದ ಕೂಡಲೇ ನನಗೆ ಸಂಕಟವಾಗುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಇರುವುದಿಲ್ಲ. ಹೋಲಿಸಲು ಮದ್ದು ಹೊಡೆಯುವ ಮೊದಲಿನ ಅಳತೆ ಇರುವುದಿಲ್ಲ. ಯಾವ ಲ್ಯಾಬಿನಲ್ಲಿ ಅಳೆಯುತ್ತಾರೆ ಎಂಬುದೂ ಗೊತ್ತಿರುವುದಿಲ್ಲ. ಆ ರಕ್ತದಿಂದ ಒಂದು ಸಾಲೂ ಬರೆಯಲಾಗುವುದಿಲ್ಲ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿಬಿಟ್ಟಿರುತ್ತಾರೆ. ಇಲ್ಲಿ ಕೊಟ್ಟ ಕ್ರಮವನ್ನು ದಯವಿಟ್ಟು ಹಿಂದೆಮುಂದೆ ಮಾಡಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಪುಟಕ್ಕೆ ನಂಬರ್ ಹಾಕಿದ, ಹೊಲಿಗೆ ಹಾಕಿದ ಒಂದು ದಪ್ಪ ನೋಟ್‌ಬುಕ್. ಬಿಡಿ ಹಾಳೆ ಬೇಡ. ಓದಿದ ಪೇಪರ್‌ಗಳನ್ನು ಜೋಡಿಸಿಡಲು ಝೊಟೆರೊ, ಲೆಕ್ಕಕ್ಕೆ ಆರ್ ಎಂಬ ಸಾಫ್ಟ್‌ವೇರ್. ಎರಡೂ ಉಚಿತ. ಪೇಪರ್ ಹುಡುಕಲು ಪಬ್‌ಮೆಡ್. ನಮ್ಮ ದೇಶದ ಹಳೆಯ ಪ್ರಬಂಧಗಳನ್ನು ಓದಲು ಶೋಧಗಂಗಾ. ಅಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದ 3 ಪ್ರಬಂಧಗಳ ವಿಧಾನದ ಅಧ್ಯಾಯವನ್ನಾದರೂ ಪೂರ್ತಿ ಓದಿ. ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ತಂದ ಮಾನವ ಸಂಶೋಧನೆಯ ನೈತಿಕ ಮಾರ್ಗಸೂಚಿ ಕಂಪ್ಯೂಟರ್‌ನಲ್ಲಿ ಇರಲಿ.

ಇನ್ನೊಂದು, ನಿಮ್ಮ ಊರಿನ ಸ್ಪ್ರೇ ಕ್ಯಾಲೆಂಡರ್. ಯಾವ ತಿಂಗಳು, ಯಾವ ಬೆಳೆಗೆ, ಯಾವ ಮದ್ದು. ಇದು ಎಲ್ಲೂ ಅಚ್ಚಾಗಿ ಸಿಗುವುದಿಲ್ಲ. 4-5 ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್‌ಗಳ ಹತ್ತಿರ ಕೂತು ನೀವೇ ಬರೆದುಕೊಳ್ಳಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಶಿಫಾರಸು ಏನೆಂದು ಕೇಳಿ. ಆಮೇಲೆ ತೋಟದಲ್ಲಿ ನಿಜಕ್ಕೂ ಏನು ನಡೆಯುತ್ತದೆ ನೋಡಿ. ಎರಡರ ನಡುವಿನ ವ್ಯತ್ಯಾಸದಲ್ಲೇ ಕೆಲವೊಮ್ಮೆ ಒಳ್ಳೆಯ ಪ್ರಶ್ನೆ ಸಿಗುತ್ತದೆ.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

"ಕೊಡಗಿನಲ್ಲಿ ಕೀಟನಾಶಕಗಳಿಂದ ಆರೋಗ್ಯದ ಮೇಲಾಗುವ ಪರಿಣಾಮ." ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಜನರ ವಿಷಯ ಇದೇ. ಇದು ಪುಸ್ತಕದ ಹೆಸರಿನ ಹಾಗಿದೆ. ಇದನ್ನು ಹಿಡಿದುಕೊಂಡು ಯಾರೂ ಏನನ್ನೂ ಅಳೆಯಲಾರರು.

ಒಳ್ಳೆಯ ಪ್ರಶ್ನೆಯಲ್ಲಿ ಐದು ವಿಷಯ ಇರಬೇಕು: ಯಾವ ರಾಸಾಯನಿಕ, ಯಾರ ಮೈಗೆ, ಯಾವ ದಾರಿಯಿಂದ, ಮೈಯಲ್ಲಿ ಏನು ಬದಲಾಗುತ್ತದೆ, ಯಾವಾಗ ಅಳೆಯುತ್ತೀರಿ. ಹೀಗೆ: "ಸೋಮವಾರಪೇಟೆ ಕಡೆಯ ಅರೇಬಿಕಾ ತೋಟಗಳಲ್ಲಿ ಬಿಳಿ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಹೊಡೆಯುವವರ ಕೆಂಪು ರಕ್ತಕಣದಲ್ಲಿರುವ ಅಸಿಟೈಲ್‌ಕೊಲಿನೆಸ್ಟರೇಸ್, ಹೊಡೆಯುವ ಮೊದಲಿಗಿಂತ ಹೊಡೆದ ಮೇಲೆ ಎಷ್ಟು ಇಳಿಯುತ್ತದೆ?" ಅಸಿಟೈಲ್‌ಕೊಲಿನೆಸ್ಟರೇಸ್ ಅಂದರೆ ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವ, ಈ ಮದ್ದು ಅದನ್ನು ತಡೆಯುತ್ತದೆ. ಮುಂದೆ ಚಿಕ್ಕದಾಗಿ ಕೊಲಿನೆಸ್ಟರೇಸ್ ಎನ್ನುತ್ತೇನೆ. ವಾಕ್ಯ ಉದ್ದವಾಯಿತು ನಿಜ. ಆದರೆ ಇದನ್ನು ಓದಿದ ಗೈಡ್‌ಗೆ ನಿಮಗೆ ಏನು ಬೇಕೆಂದು ತಕ್ಷಣ ಗೊತ್ತಾಗುತ್ತದೆ.

ಅರೇಬಿಕಾ ಅಂತ ಸುಮ್ನೆ ಬರೆದಿಲ್ಲ. ಬಿಳಿ ಕಾಂಡಕೊರಕದ ಕಾಟ ಅರೇಬಿಕಾಕ್ಕೆ, ರೊಬಸ್ಟಾಕ್ಕಲ್ಲ. ಆ ಮದ್ದು ಹೊಡೆಯುವವರನ್ನು ರೊಬಸ್ಟಾ ತೋಟಗಳಲ್ಲಿ ತಿಂಗಳುಗಟ್ಟಲೆ ಹುಡುಕಿದವರನ್ನು ನೋಡಿದ್ದೇನೆ. ಹೋಗಿ ಒಂದು ದಿನ ತೋಟ ಸುತ್ತಿದ್ದರೆ ಸಾಕಿತ್ತು.

ಮದ್ದಿನ ಹೆಸರನ್ನು ಡಬ್ಬಿ ನೋಡಿಯೇ ಬರೆದುಕೊಳ್ಳಿ. ಅಂಗಡಿಯವರು ಹೇಳುವುದು ಬ್ರ್ಯಾಂಡ್ ಹೆಸರು. ನಿಮಗೆ ಬೇಕಾದದ್ದು ಒಳಗಿರುವ ರಾಸಾಯನಿಕದ ಹೆಸರು, ಪ್ರಮಾಣ. ಲೇಬಲ್ ಮೇಲಿನ ಬಣ್ಣವನ್ನೂ ಬರೆಯಿರಿ. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷವೇ ಅಲ್ಲ ಎಂದುಕೊಂಡವರು ಬಹಳ ಜನ. ಆ ಬಣ್ಣ, ಮದ್ದು ಒಂದು ಸಲ ಹೊಟ್ಟೆಗೆ ಹೋದರೆ ಅಥವಾ ಮೈಗೆ ಅಂಟಿದರೆ ಎಷ್ಟು ಕಡಿಮೆ ಪ್ರಮಾಣದಲ್ಲಿ ಕೊಲ್ಲುತ್ತದೆ ಎಂಬುದರ ಲೆಕ್ಕ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೇರಿದರೆ ಏನಾಗುತ್ತದೆ ಎಂದು ಆ ಬಣ್ಣ ಹೇಳುವುದಿಲ್ಲ. ಇನ್ನೊಂದು ಮಾತು. ಕ್ಲೋರ್‌ಪೈರಿಫಾಸ್ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ ಒಪ್ಪಂದ ಅದು. ಹಾಗಾಗಿ ಮುಂದಿನ ವರ್ಷಗಳಲ್ಲಿ ತೋಟದವರು ಬೇರೆ ಮದ್ದಿಗೆ ಹೋಗಬಹುದು. ನೀವು ಕೆಲಸ ಶುರು ಮಾಡುವ ವರ್ಷ ಸ್ಟೋರಿನಲ್ಲಿ ಏನಿದೆ, ಅದೇ ಲೆಕ್ಕ.

ಮನುಷ್ಯರ ರಕ್ತವೇ ಬೇಕೆಂದೇನಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣದ ತಾಮ್ರ ಕುಡಿಯುವ ಬಾವಿಗೆ ಇಳಿಯುತ್ತದೆಯೇ ಎಂಬುದೂ ಒಳ್ಳೆಯ ಪ್ರಶ್ನೆ. ಕುಡಿಯುವ ನೀರಿನ ಮಾನದಂಡ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ತೋಡಿಗೆ ಸೇರುವುದು ಮತ್ತೊಂದು ವಿಷಯ.

ಎಚ್ಚರಿಕೆಯ ಗುರುತು: ನಿಮ್ಮ ಫಲಿತಾಂಶದ ಖಾಲಿ ಟೇಬಲ್ ಬರೆಯಲು ಕೂತಾಗ ಕಾಲಮ್ಮಿನ ಹೆಸರೇ ಹೊಳೆಯದಿದ್ದರೆ, ಪ್ರಶ್ನೆ ಇನ್ನೂ ಆಗಿಲ್ಲ. ಹಂತ 2ಕ್ಕೆ ಹೋಗಬೇಡಿ.

## ಹಂತ 2: ಅಳೆಯುವ ಯಂತ್ರ ಎಲ್ಲಿದೆ ನೋಡಿ

ಗೈಡ್ ಹುಡುಕುವ ಮೊದಲೇ ಇದನ್ನು ಮಾಡಬೇಕು. ನೀರಿನ ಲೋಹಕ್ಕೆ ಐಸಿಪಿ-ಎಂಎಸ್ ಅಥವಾ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ಬೇಕು. ಮೂತ್ರದಲ್ಲಿ ಕೀಟನಾಶಕದ ಅವಶೇಷಕ್ಕೆ ಎಲ್‌ಸಿ-ಎಂಎಸ್ ಯಂತ್ರ ಬೇಕು. ಕೊಲಿನೆಸ್ಟರೇಸ್ ಮಾತ್ರ ಸಾಮಾನ್ಯ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲೇ ಆಗುತ್ತದೆ. ಎಲ್‌ಮನ್ ವಿಧಾನದಲ್ಲಿ ದ್ರಾವಣ ಹಳದಿಯಾಗುತ್ತದೆ, ಅದನ್ನು 412 ನ್ಯಾನೋಮೀಟರ್‌ನಲ್ಲಿ ಓದುತ್ತಾರೆ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಪಿಎಚ್‌ಡಿ ಮಾಡಬೇಕೆನ್ನುವವರಿಗೆ ನಾನು ಇದನ್ನೇ ಹೇಳುವುದು.

ನಮಗೆ ಹತ್ತಿರದ್ದು ಮೈಸೂರು. ಅಲ್ಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗವಿದೆ, ಆಹಾರ ಸುರಕ್ಷತೆಗೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇದೆ. ಕೆಲಸಗಾರರ ಆರೋಗ್ಯಕ್ಕೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಅದರ ದಕ್ಷಿಣದ ಕೇಂದ್ರ ಬೆಂಗಳೂರಿನಲ್ಲಿದೆ. ಪೂರ್ತಿ ಟಾಕ್ಸಿಕಾಲಜಿಯೇ ಬೇಕೆಂದರೆ ಲಖನೌನ ಭಾರತೀಯ ಟಾಕ್ಸಿಕಾಲಜಿ ಸಂಶೋಧನಾ ಸಂಸ್ಥೆ (ಐಐಟಿಆರ್). 1965ರಿಂದ ಇರುವ, ಕೇಂದ್ರದ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಸಂಸ್ಥೆ ಅದು. ಪಿಎಚ್‌ಡಿ ಪದವಿ ಈ ಮಂಡಳಿಯ ಸಂಸ್ಥೆಗಳಿಗೆ ಪದವಿ ಕೊಡುವ ಎಸಿಎಸ್‌ಐಆರ್ ಮೂಲಕ ಸಿಗುತ್ತದೆ.

ಪ್ರತಿ ಲ್ಯಾಬಿಗೆ ಎರಡೇ ಪ್ರಶ್ನೆ ಕೇಳಿ. ಈ ರಾಸಾಯನಿಕವನ್ನು ಈ ಮಾದರಿಯಲ್ಲಿ ನೀವು ಈಗಾಗಲೇ ಅಳೆದಿದ್ದೀರಾ? ಎಷ್ಟು ಕಡಿಮೆ ಪ್ರಮಾಣದವರೆಗೆ ಕಾಣುತ್ತದೆ? "ಯಂತ್ರ ಇದೆ" ಎಂದರೆ "ಅಳೆಯುತ್ತೇವೆ" ಎಂದಲ್ಲ. ವಿಧಾನ ಹೊಸದಾಗಿ ಕೂರಿಸಲು ಒಂದು ವರ್ಷ ಹೋಗಬಹುದು.

## ಹಂತ 3: ಅರ್ಹತೆ, ಪರೀಕ್ಷೆ, ಹಣ

ಇಲ್ಲಿ ಹೆಚ್ಚು ಹೇಳುವುದಿಲ್ಲ, ನಿಯಮ ಸ್ಪಷ್ಟವಾಗಿದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ 55% ಬೇಕು. 4 ವರ್ಷದ ಪದವಿ ಮುಗಿಸಿದವರು ನೇರವಾಗಿ ಬರಬೇಕೆಂದರೆ 75%. ಮೀಸಲಾತಿ ವರ್ಗದವರಿಗೆ, ಅಂಗವಿಕಲರಿಗೆ 5% ರಿಯಾಯಿತಿ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಸಿಗುತ್ತದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ಈ ಹಕ್ಕು ಗೊತ್ತಿಲ್ಲದೆ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳನ್ನು ಕಂಡು ಬೇಸರವಾಗಿದೆ. ದಯವಿಟ್ಟು ನೆನಪಿಡಿ.

ಹಣದ ದಾರಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್. 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್) ಆದರೆ 42,000. ಇದು ಸಿಗುವುದು ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಯಿಂದ. ಯುಜಿಸಿ-ನೆಟ್‌ನಲ್ಲಿ ಪರಿಸರ ವಿಜ್ಞಾನ ಇದೆ. ಸಿಎಸ್‌ಐಆರ್-ನೆಟ್‌ನಲ್ಲಿ ಜೀವ ವಿಜ್ಞಾನ, ರಸಾಯನ ವಿಜ್ಞಾನ ಇವೆ. ಆರೋಗ್ಯದ ಕಡೆಯವರು ಐಸಿಎಂಆರ್ ಜೆಆರ್‌ಎಫ್ ಈಗ ಹೇಗೆ ಕೊಡುತ್ತಾರೆ ಎಂದು ವಿಚಾರಿಸಿ. ರಾಜ್ಯದ ಕೆಸೆಟ್ ಪರೀಕ್ಷೆ ಪಾಸಾದರೆ ಉಪನ್ಯಾಸಕರಾಗುವ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ಇದನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ.

ಸಾಮಾನ್ಯ ತಪ್ಪು: ಫೆಲೋಶಿಪ್ ಇಲ್ಲದೆ, ರಾಸಾಯನಿಕದ ಖರ್ಚು ಯಾರು ಕೊಡುತ್ತಾರೆಂದು ಕೇಳದೆ ಸೇರುವುದು. ಟಾಕ್ಸಿಕಾಲಜಿ ಲ್ಯಾಬಿನ ವಿಷಯ. ಪೆನ್ನು ಪೇಪರಿನಲ್ಲಿ ಮುಗಿಯುವುದಿಲ್ಲ.

## ಹಂತ 4: ಗೈಡ್‌ಗೆ ಬರೆಯುವ ಪತ್ರ

"ಗೌರವಾನ್ವಿತ ಸರ್, ನಾನು ಟಾಕ್ಸಿಕಾಲಜಿಯಲ್ಲಿ ಆಸಕ್ತಿ ಹೊಂದಿದ್ದೇನೆ, ಯಾವುದೇ ವಿಷಯ ಕೊಟ್ಟರೂ ಮಾಡುತ್ತೇನೆ." ಈ ಪತ್ರಕ್ಕೆ ಉತ್ತರ ಬರುವುದಿಲ್ಲ. ಇದೇ ಪತ್ರ 40 ಜನರಿಗೆ ಹೋಗಿದೆ ಎಂದು ಓದಿದವರಿಗೆ ಗೊತ್ತಾಗುತ್ತದೆ.

ಪತ್ರ ಹತ್ತು ಸಾಲು ಮೀರದಿರಲಿ. ಮೊದಲ ಸಾಲಿನಲ್ಲೇ ಹಂತ 1ರ ನಿಮ್ಮ ಪ್ರಶ್ನೆ. ಎರಡನೆಯದು, ಅವರ ಯಾವ ಪೇಪರಿನ ಯಾವ ವಿಧಾನ ಈ ಪ್ರಶ್ನೆಗೆ ಹೊಂದುತ್ತದೆ. ಮೂರನೆಯದು, ನಿಮ್ಮ ಕೈಯಲ್ಲಿ ಈಗಾಗಲೇ ಏನಿದೆ: 4 ತೋಟದ ಮಾಲೀಕರ ಬಾಯಿಮಾತಿನ ಒಪ್ಪಿಗೆ, ಸ್ಪ್ರೇ ಕ್ಯಾಲೆಂಡರ್, ಊರಿನ ಭಾಷೆ. ಕೊಡಗಿನವರಿಗೆ ಇದು ದೊಡ್ಡ ಬಲ. ಬೆಂಗಳೂರಿನ ವಿದ್ಯಾರ್ಥಿಗೆ ತೋಟದ ಗೇಟು ದಾಟಲು ಆರು ತಿಂಗಳು ಬೇಕಾಗಬಹುದು, ನಿಮಗೆ ಒಂದು ಭಾನುವಾರ ಸಾಕು. ಕೊನೆಗೆ ಜೆಆರ್‌ಎಫ್ ಇದೆಯೋ ಇಲ್ಲವೋ, ನೇರವಾಗಿ ಬರೆಯಿರಿ.

ಒಪ್ಪಿಕೊಂಡರೆ ಅವರ ಈಗಿನ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾತಾಡಿ. ಎಷ್ಟು ವರ್ಷವಾಯಿತು, ಪೇಪರಿನಲ್ಲಿ ಮೊದಲ ಹೆಸರು ಯಾರದ್ದು, ಗೈಡ್ ಕರಡು ಓದಿ ಕೊಡಲು ಎಷ್ಟು ದಿನ ಬೇಕು ಎಂದು ಕೇಳಿ. ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ 8 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು, ಅಸೋಸಿಯೇಟ್ 6, ಅಸಿಸ್ಟೆಂಟ್ 4. ಜಾಗ ಖಾಲಿ ಇದೆಯೇ ಎಂಬುದೂ ಮೊದಲೇ ಗೊತ್ತಿರಲಿ.

ಎಚ್ಚರಿಕೆಯ ಗುರುತು: "ಮೊದಲು ಸ್ಯಾಂಪಲ್ ತಂದುಬಿಡು, ಅನುಮತಿ ಆಮೇಲೆ ನೋಡೋಣ" ಎನ್ನುವ ಗೈಡ್. ಅಲ್ಲಿಂದ ನಮಸ್ಕಾರ ಹೇಳಿ ಬನ್ನಿ.

ಅಮೆರಿಕಕ್ಕೆ ಹಾಕುವವರಿಗೆ ದಾರಿ ಬೇರೆ. ಅಲ್ಲಿ ಹೆಚ್ಚಿನ ಕಡೆ ಡಿಸೆಂಬರ್ ಹೊತ್ತಿಗೆ ಅರ್ಜಿ ಹಾಕಿ ಮುಂದಿನ ಆಗಸ್ಟ್-ಸೆಪ್ಟೆಂಬರ್‌ಗೆ ಸೇರುತ್ತಾರೆ. ಸುಮಾರು 5 ವರ್ಷದ ಕೋರ್ಸ್. ಹಲವು ಕಡೆ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಸ್ವಲ್ಪ ಸ್ವಲ್ಪ ದಿನ ಕೆಲಸ ಮಾಡಿ ಆಮೇಲೆ ಗೈಡ್ ಆರಿಸಿಕೊಳ್ಳಬಹುದು. ಎರಡನೇ ವರ್ಷದ ಸುಮಾರಿಗೆ ದೊಡ್ಡ ಅರ್ಹತಾ ಪರೀಕ್ಷೆ. ಅಲ್ಲಿನ ಸರ್ಕಾರಿ ಪರಿಸರ ಆರೋಗ್ಯ ಸಂಸ್ಥೆ ಎನ್‌ಐಇಎಚ್‌ಎಸ್ ಕೊಡುವ ಟಿ32 ಎಂಬ ತರಬೇತಿ ಹಣ ಆ ದೇಶದ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಅದನ್ನು ನಂಬಿ ಅರ್ಜಿ ಹಾಕಬೇಡಿ. ಹೊರದೇಶದವರಿಗೆ ವಿಭಾಗದಿಂದ ಅಥವಾ ಗೈಡ್‌ನ ಪ್ರಾಜೆಕ್ಟ್‌ನಿಂದ ಸಂಬಳ ಇದೆಯೇ ಎಂದು ಬರೆದು ಕೇಳಿ. ಕೊಡಗಿನ ಮಾದರಿಗಳನ್ನು ಅಲ್ಲಿಗೆ ಒಯ್ಯುವ ಆಲೋಚನೆ ಇದ್ದರೆ ಅದಕ್ಕೆ ಬೇರೆಯೇ ಸರ್ಕಾರಿ ಒಪ್ಪಿಗೆ ಬೇಕು. ಸೂಟ್‌ಕೇಸಿನಲ್ಲಿ ಒಯ್ಯುವ ವಸ್ತು ಅದಲ್ಲ.

## ಹಂತ 5: ಕೋರ್ಸ್‌ವರ್ಕ್ ಹಗುರವಾಗಿ ತೆಗೆದುಕೊಳ್ಳಬೇಡಿ

ಕನಿಷ್ಠ 12 ಕ್ರೆಡಿಟ್. ಸಂಶೋಧನಾ ನೀತಿಯ ಪಾಠವೂ ಇದರಲ್ಲೇ ಬರುತ್ತದೆ. ಪಾಸಾದರೆ ಸಾಕು ಎಂದು ಓದುವವರು ಮೂರನೇ ವರ್ಷದಲ್ಲಿ ಒದ್ದಾಡುತ್ತಾರೆ. ಈ ಆರು ತಿಂಗಳಲ್ಲಿ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ. ಪ್ರಮಾಣ ಏರಿದಂತೆ ಪರಿಣಾಮ ಹೇಗೆ ಏರುತ್ತದೆ ಎಂಬ ಗೆರೆ ಎಳೆಯುವುದು ಒಂದು. ವಿಷ ಮೈಗೆ ಹೊಕ್ಕು, ಹರಡಿ, ಒಡೆದು, ಹೊರಹೋಗುವ ಲೆಕ್ಕ ಎರಡು. ಒಂದೇ ಮನುಷ್ಯನನ್ನು ಮತ್ತೆ ಮತ್ತೆ ಅಳೆದಾಗ ಬಳಸುವ ಅಂಕಿಅಂಶ ವಿಧಾನ ಮೂರು. ಮೂರನೆಯದನ್ನು ಯಾರೂ ಕಲಿಸದಿದ್ದರೆ ನೀವೇ ಕೂತು ಕಲಿಯಿರಿ.

ಎಷ್ಟು ಜನ ಬೇಕು ಎಂಬ ಲೆಕ್ಕವನ್ನೂ ಈಗಲೇ ಮಾಡಿ, ಅಂಕಿಅಂಶ ಬಲ್ಲವರಿಗೆ ತೋರಿಸಿ. ಮಾದರಿ ತೆಗೆದ ಮೇಲೆ "ಇಷ್ಟು ಸಾಕಾ?" ಎಂದು ಕೇಳಿದರೆ ಅವರೂ ಏನೂ ಮಾಡಲಾರರು.

## ಹಂತ 6: ಅನುಮತಿಗಳು, ಒಂದರ ಹಿಂದೆ ಒಂದು

ಮೊದಲು ನಿಮ್ಮ ಸಂಶೋಧನಾ ಸಲಹಾ ಸಮಿತಿ ಪ್ರಸ್ತಾವ ಒಪ್ಪಬೇಕು. ಇದೇ ಸಮಿತಿ ಮುಂದೆ ಆರು ತಿಂಗಳಿಗೊಮ್ಮೆ ನಿಮ್ಮ ಕೆಲಸ ನೋಡುತ್ತದೆ. ಆಮೇಲೆ ಸಾಂಸ್ಥಿಕ ನೈತಿಕ ಸಮಿತಿ. ಆ ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ವಿಚಾರಿಸಿ. ವಿಜ್ಞಾನ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ವೈದ್ಯಕೀಯ ಕಾಲೇಜಿನ ಡಾಕ್ಟರೊಬ್ಬರನ್ನು ಸಹ-ಗೈಡ್ ಮಾಡಿಕೊಳ್ಳಿ. ಹೇಗೂ ರಕ್ತ ತೆಗೆಯಲು, ಯಾರಿಗಾದರೂ ಹುಷಾರು ತಪ್ಪಿದರೆ ನೋಡಲು ಅವರು ಬೇಕು. ಇಲಿಯ ಮೇಲೆ ಪ್ರಯೋಗವಾದರೆ ಪ್ರಾಣಿ ನೈತಿಕ ಸಮಿತಿ ಬೇರೆ. ಪುಷ್ಪಗಿರಿ, ಬ್ರಹ್ಮಗಿರಿ ವನ್ಯಧಾಮದೊಳಗಿನ ಹೊಳೆಯ ನೀರು ಬೇಕಾದರೆ ಅರಣ್ಯ ಇಲಾಖೆಗೂ ಬರೆಯಬೇಕು. ಕೊನೆಯದು ತೋಟದ ಮಾಲೀಕರ ಪತ್ರ.

ಮಾಲೀಕರು ಒಪ್ಪಿದ ಮಾತ್ರಕ್ಕೆ ಕೆಲಸಗಾರರು ಒಪ್ಪಿದ ಹಾಗಲ್ಲ. ಮೇಸ್ತ್ರಿ ಬಂದು "ಎಲ್ಲರೂ ಸಾಲಾಗಿ ನಿಲ್ಲಿ, ಮೇಡಂ ರಕ್ತ ತೆಗೀತಾರೆ" ಎಂದರೆ ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರು, ನಿಲ್ಲುತ್ತಾರೆ. ಆದರೆ ಅದು ಒಪ್ಪಿಗೆಯಲ್ಲ. ಮೇಸ್ತ್ರಿ, ರೈಟರ್ ಇಬ್ಬರೂ ಇಲ್ಲದ ಹೊತ್ತಿನಲ್ಲಿ, ಸಂಜೆ ಅವರ ಜಗಲಿಯಲ್ಲಿ ಕೂತು ಮಾತಾಡಿ. ಬೇಡ ಎಂದರೆ ಕೂಲಿಗೆ ತೊಂದರೆಯಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಮಾಲೀಕರಿಂದಲೂ ಹಾಗೆ ಬರೆಸಿಕೊಳ್ಳಿ. ಓದಲು ಬಾರದವರಿಗೆ ಪತ್ರ ಓದಿ ಹೇಳಿ, ತೋಟಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿ. ಯರವರು, ಜೇನುಕುರುಬರು, ಅಸ್ಸಾಮಿನಿಂದ ಬಂದವರು ಒಂದೇ ತೋಟದಲ್ಲಿ ಇರುತ್ತಾರೆ. ಕನ್ನಡದ ಒಂದೇ ಒಪ್ಪಿಗೆ ಪತ್ರ ಸಾಲದು.

## ಹಂತ 7: ಕೊಡಗಿನ ಕಾಲಕ್ಕೆ ಕೆಲಸ ಹೊಂದಿಸಿ

ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ನಾನೂ ಇಲ್ಲೇ ಬಿದ್ದೆ.

ಕಾಂಡಕೊರಕದ ದುಂಬಿ ಹೊರಬರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮದ್ದು ಹೊಡೆಯುವುದೂ ಆಗಲೇ. ನನ್ನ ನೈತಿಕ ಸಮಿತಿಯ ಒಪ್ಪಿಗೆ ಬಂದದ್ದು ಏಪ್ರಿಲ್ ಕೊನೆಗೆ. ಖುಷಿಯಿಂದ ಓಡಿಹೋಗಿ ಮೇ ತಿಂಗಳಲ್ಲಿ 30ಕ್ಕೂ ಹೆಚ್ಚು ಜನರ ರಕ್ತ ತೆಗೆದೆ. ಲ್ಯಾಬಿನಲ್ಲಿ ಅಂಕಿ ಬಂತು. ಗೈಡ್ ಒಂದೇ ಪ್ರಶ್ನೆ ಕೇಳಿದರು: "ಹೊಡೆಯುವ ಮೊದಲು ಇವರದ್ದು ಎಷ್ಟಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಲಿನೆಸ್ಟರೇಸ್ ಒಬ್ಬರಿಂದ ಒಬ್ಬರಿಗೆ ಹುಟ್ಟಿನಿಂದಲೇ ಬೇರೆ ಬೇರೆ. ಒಬ್ಬನಿಗೆ ಸಹಜವಾದ ಅಂಕಿ ಇನ್ನೊಬ್ಬನಿಗೆ ವಿಷವೇರಿದ ಅಂಕಿಯಾಗಿರಬಹುದು. ಅವನದೇ ಹಳೆಯ ಅಳತೆಗೆ ಹೋಲಿಸದೆ ಏನೂ ಹೇಳಲಾಗದು. ಮುಂದಿನ ಬೇಸಿಗೆಯವರೆಗೆ ಕಾದೆ. ಒಂದು ವರ್ಷ ಹೋಯಿತು.

ಆದ್ದರಿಂದ ಕನಿಷ್ಠ 30 ದಿನ ಕೊಲಿನೆಸ್ಟರೇಸ್ ತಡೆಯುವ ಯಾವ ಮದ್ದನ್ನೂ ಮುಟ್ಟದೆ ಇದ್ದ ಮೇಲೆ ಮೊದಲ ಅಳತೆ ತೆಗೆಯಿರಿ, ಆಗುವುದಾದರೆ ಎರಡು ಸಲ. ಏಪ್ರಿಲ್ ಸ್ಪ್ರೇಗೆ ಫೆಬ್ರವರಿ ಕೊನೆ, ಮಾರ್ಚ್ ಸರಿಯಾದ ಹೊತ್ತು. ಅಂದರೆ ಸಮಿತಿಗೆ ಅರ್ಜಿ ಹಿಂದಿನ ವರ್ಷದ ಸೆಪ್ಟೆಂಬರ್‌ಗೆಲ್ಲ ಹೋಗಿರಬೇಕು. ಕಾಲವನ್ನು ಹೀಗೆ ಹಿಂದಕ್ಕೆ ಎಣಿಸಿ ಗೋಡೆಯ ಮೇಲೆ ಬರೆಯಿರಿ.

ಮೂತ್ರದ ಲೆಕ್ಕ ಬೇರೆ. ಕ್ಲೋರ್‌ಪೈರಿಫಾಸ್ ಒಡೆದು ಆಗುವ ಟಿಸಿಪಿ ಮೈಯಿಂದ ಅರ್ಧಕ್ಕಿಳಿಯಲು ಸುಮಾರು 27 ಗಂಟೆ. ಸ್ಪ್ರೇ ಆಗಿ ಒಂದು ವಾರದ ಮೇಲೆ ಹೋದರೆ ಅದು ಬಹುಪಾಲು ಖಾಲಿ. ಮರುದಿನ ಬೆಳಿಗ್ಗೆಯದ್ದೇ ಬೇಕು. ಕೆಂಪು ರಕ್ತಕಣದ ಕೊಲಿನೆಸ್ಟರೇಸ್ ಮಾತ್ರ ಚೇತರಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಟಿಸಿಪಿ ಆಹಾರದ ಮೂಲಕವೂ ನೇರವಾಗಿ ಮೈಗೆ ಬರಬಹುದು. ಹಾಗಾಗಿ ಮದ್ದು ಹೊಡೆಯದವರ ಗುಂಪೂ ಬೇಕೇ ಬೇಕು.

ಊರಿನ ಹಬ್ಬಗಳನ್ನೂ ಕ್ಯಾಲೆಂಡರ್‌ಗೆ ಹಾಕಿ. ಇದು ತಮಾಷೆಯ ಮಾತಲ್ಲ. ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ 18ರಂದು ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ತಿಂದವರ ಮೂತ್ರ ಕೆಂಪಾಗುತ್ತದೆ, ಇದು ನಮಗೆಲ್ಲ ಗೊತ್ತು. ಮೂತ್ರ ಎಷ್ಟು ನೀರಾಗಿದೆ ಎಂದು ಸರಿಪಡಿಸಲು ಬಳಸುವ ಕ್ರಿಯಾಟಿನಿನ್ ಅನ್ನು ಬಣ್ಣ ನೋಡಿಯೇ ಅಳೆಯುವ ವಿಧಾನ ಬಹಳ ಕಡೆ ಇದೆ. ಆ ವಾರದ ಮಾದರಿ ತೆಗೆಯಬೇಡಿ. ತುಲಾ ಸಂಕ್ರಮಣದ ಹೊತ್ತಿಗೆ ಭಾಗಮಂಡಲದಲ್ಲಿ ನೀರಿನ ಮಾದರಿ ತೆಗೆದರೆ ಅದು ಜಾತ್ರೆಯ ನೀರು, ಮಾಮೂಲಿ ಹೊಳೆಯ ನೀರಲ್ಲ. ಸುಗ್ಗಿಯ ಹಬ್ಬ ಹುತ್ತರಿಯ ವಾರ ಕೆಲಸಕ್ಕೆ ಯಾರೂ ಸಿಗುವುದಿಲ್ಲ. ಅಸ್ಸಾಮಿನವರು ಏಪ್ರಿಲ್‌ನಲ್ಲಿ ಬಿಹುಗೆ ಊರಿಗೆ ಹೋದರೆ ಎರಡನೇ ಅಳತೆ ತಪ್ಪುತ್ತದೆ. ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಜನರನ್ನು ಸೇರಿಸಿಕೊಳ್ಳಿ.

ಮಳೆಗಾಲದ ದೊಡ್ಡ ಶತ್ರು ಕರೆಂಟು. ಜುಲೈಯಲ್ಲಿ ಮರ ಬಿದ್ದರೆ ಎರಡು ಮೂರು ದಿನ ಬೆಳಕಿರುವುದಿಲ್ಲ. ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಡುವ ಯೋಚನೆಯೇ ಬೇಡ. ಅದೇ ದಿನ ಮೈಸೂರಿಗೆ ಸಾಗಿಸಿ. ಮಡಿಕೇರಿಯಿಂದ 120 ಕಿಲೋಮೀಟರ್ ಅಷ್ಟೇ ಅಲ್ವಾ? ಅಲ್ಲಿನ ಮೈನಸ್ 80 ಡಿಗ್ರಿ ಫ್ರೀಜರಿಗೆ ಜನರೇಟರ್ ಇದೆಯೇ, ರಾತ್ರಿ ಅಲಾರಂ ಹೊಡೆದರೆ ಯಾರ ಫೋನ್ ಬಡಿಯುತ್ತದೆ ಎಂದು ಕೇಳಿಟ್ಟುಕೊಳ್ಳಿ.

## ಹಂತ 8: ಮಾದರಿ ತೆಗೆಯುವ ಬೆಳಿಗ್ಗೆ

ಆರೂವರೆಗೆ ಲೈನ್ ಮನೆ ತಲುಪಿ. ಏಳೂವರೆಗೆಲ್ಲ ಜನ ಕೆಲಸಕ್ಕೆ ಹೊರಡುತ್ತಾರೆ. ಮೊದಲ ಕೆಲಸ ಸೋಪು, ನೀರು. ಮದ್ದು ಹೊಡೆದವರ ಕೈಮೇಲೆ ಮದ್ದು ಇರುತ್ತದೆ. ಅದೇ ಕೈಯಲ್ಲಿ ಮೂತ್ರದ ಡಬ್ಬಿ ಹಿಡಿದರೆ ನೀವು ಅಳೆಯುವುದು ಚರ್ಮದ ಮೇಲಿನದ್ದನ್ನು. ಬೆರಳು ಚುಚ್ಚಿ ರಕ್ತ ತೆಗೆದರೂ ಇದೇ ತೊಂದರೆ. ಮೊಣಕೈ ಒಳಭಾಗ ತೊಳೆದು, ಒರೆಸಿ, ಅಲ್ಲಿನ ರಕ್ತನಾಳದಿಂದ ತೆಗೆಸಿ.

ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬಳಸಿ. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬ್ ಬೇಡ. ಅದರಲ್ಲಿರುವ ಫ್ಲೋರೈಡ್ ಕೊಲಿನೆಸ್ಟರೇಸ್ ಅನ್ನು ತಾನೇ ತಡೆಯುತ್ತದೆ. ಮದ್ದು ಮುಟ್ಟದವರಿಗೂ ವಿಷವೇರಿದಂತೆ ಅಂಕಿ ಬರುತ್ತದೆ. ಟ್ಯೂಬನ್ನು ನೇರವಾಗಿ ಐಸ್ ಮೇಲೆ ಇಡಬೇಡಿ, ನಡುವೆ ಮಡಿಸಿದ ಟವಲ್ ಹಾಕಿ. ಐಸಿಗೆ ತಾಗಿದ ರಕ್ತ ಒಡೆಯುತ್ತದೆ. ಲ್ಯಾಬಿನಲ್ಲಿ ತಿರುಗಿಸಿದಾಗ ಮೇಲೆ ತಿಳಿ ಹಳದಿಯ ಬದಲು ಕೆಂಪು ನೀರು ಕಂಡರೆ ಆ ಮಾದರಿ ಹೋಯಿತು ಎಂದೇ ಅರ್ಥ. ಪ್ಲಾಸ್ಮಾ ಬೇರ್ಪಡಿಸುವ ಮೊದಲು ಫ್ರೀಜ್ ಮಾಡಬೇಡಿ. ಹಿಮೋಗ್ಲೋಬಿನ್ ಕೂಡ ಅದೇ ದಿನ ಅಳೆಸಿ. ರಕ್ತಹೀನತೆ ಇರುವವರಲ್ಲಿ ಅಂಕಿ ಸರಿಪಡಿಸಲು ಬೇಕು.

ನೀರಿನ ಮಾದರಿಯವರಿಗೆ: ಲೋಹಕ್ಕೆ ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ, ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ. ಕೀಟನಾಶಕಕ್ಕೆ ಕಂದು ಬಣ್ಣದ ಗಾಜಿನ ಬಾಟಲಿ, 4 ಡಿಗ್ರಿ. ಪ್ರತಿ ಸಲವೂ ಲ್ಯಾಬಿನ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನು ತೋಟಕ್ಕೆ ಒಯ್ದು, ತೆರೆದು, ಮುಚ್ಚಿ ತನ್ನಿ. ಅದರಲ್ಲೂ ತಾಮ್ರ ಕಂಡರೆ ತಪ್ಪು ನಿಮ್ಮ ಬಾಟಲಿಯದ್ದು, ಬಾವಿಯದ್ದಲ್ಲ.

ಪ್ರಶ್ನಾವಳಿಯ ಮಾತು ಊರಿನದ್ದಾಗಿರಲಿ. "ಕೀಟನಾಶಕ ಬಳಸುತ್ತೀರಾ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ. "ಮದ್ದು ಹೊಡೀತೀರಾ? ಕಲಸೋದು ಯಾರು? ನಳಿಗೆ ಕಟ್ಟಿಕೊಂಡರೆ ಬಾಯಲ್ಲಿ ಊದ್ತೀರಾ?" ಎಂದು ಕೇಳಿದಾಗ ಮಾತು ಬರುತ್ತದೆ. ಯಾರು ಯಾವ ದಿನ ಹೊಡೆದರು ಎಂಬುದನ್ನು ನೆನಪಿನಿಂದ ಬರೆಸಬೇಡಿ, ತೋಟದ ಹಾಜರಿ ಬರೆಯುವ ಮಸ್ಟರ್ ಪುಸ್ತಕದ ಜೊತೆ ತಾಳೆ ನೋಡಿ.

ಅಪಾಯದ ಗುರುತು ಕಂಡರೆ ಸಂಶೋಧನೆ ಅಲ್ಲೇ ನಿಲ್ಲಬೇಕು. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಸಣ್ಣದಾದ ಕಣ್ಣಿನ ಪಾಪೆ, ಮಾಂಸಖಂಡದ ಅದುರು, ಉಸಿರಾಟದ ಕಷ್ಟ. ಕೈಗವಸು ಹಾಕಿಕೊಂಡು ಅವರ ಬಟ್ಟೆ ತೆಗೆಸಿ, ಮೈ ತೊಳೆಸಿ, ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮದ್ದಿನ ಡಬ್ಬಿಯ ಲೇಬಲ್ ಜೊತೆಗಿರಲಿ. ಅಟ್ರೋಪಿನ್ ಕೊಡುವ ಡಾಕ್ಟರಿಗೆ ಅದೇ ಮೊದಲು ಬೇಕಾದದ್ದು.

## ಹಂತ 9: ಬರವಣಿಗೆ

ವಿಧಾನದ ಅಧ್ಯಾಯವನ್ನು ಮಾದರಿ ತೆಗೆಯುವ ವರ್ಷವೇ ಬರೆಯಿರಿ. ಮೂರು ವರ್ಷದ ಮೇಲೆ ಟ್ಯೂಬಿನ ಮುಚ್ಚಳದ ಬಣ್ಣ ನೆನಪಿರುವುದಿಲ್ಲ. ಲ್ಯಾಬಿನ ಕಚ್ಚಾ ಅಂಕಿಯ ಫೈಲನ್ನು ಎಂದೂ ತಿದ್ದಬೇಡಿ, ನಕಲಿನಲ್ಲಿ ಕೆಲಸ ಮಾಡಿ. ಯಂತ್ರಕ್ಕೆ ಕಾಣದಷ್ಟು ಕಡಿಮೆ ಇದ್ದದ್ದನ್ನು ಸೊನ್ನೆ ಎಂದು ತುಂಬುವುದು ತಪ್ಪು. ಅದಕ್ಕೆ ಬೇರೆ ವಿಧಾನಗಳಿವೆ. ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಹೋಲಿಕೆ 10% ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60% ದಾಟಿದರೆ ನೋಂದಣಿಯೇ ರದ್ದು. ಹಣ ಕೊಟ್ಟರೆ ಒಂದು ವಾರದಲ್ಲಿ ಅಚ್ಚು ಹಾಕುತ್ತೇವೆ ಎಂದು ಮೇಲ್ ಬರುವ ಜರ್ನಲ್‌ಗಳಿಗೆ ನಿಮ್ಮ ಐದು ವರ್ಷದ ಬೆವರನ್ನು ಕೊಡಬೇಡಿ.

## ಹಂತ 10: ಫಲಿತಾಂಶ ಲೈನ್ ಮನೆಗೆ ವಾಪಸ್

ಇದಕ್ಕೆ ಪ್ರಬಂಧ ಮುಗಿಯುವವರೆಗೆ ಕಾಯಬೇಡಿ. ಯಾರದ್ದಾದರೂ ಕೊಲಿನೆಸ್ಟರೇಸ್ ತಮ್ಮದೇ ಮೊದಲ ಅಳತೆಗಿಂತ 20% ಇಳಿದಿದ್ದರೆ ಮತ್ತೆ ಅಳೆದು, ಅವರು ಹೇಗೆ ಹೊಡೆಯುತ್ತಾರೆ ನೋಡಬೇಕು. ಕೆಂಪು ರಕ್ತಕಣದ್ದು 30% ಇಳಿದಿದ್ದರೆ ಚೇತರಿಸುವವರೆಗೆ ಆ ಮದ್ದಿನ ಕೆಲಸದಿಂದ ದೂರ ಇರಿಸಬೇಕು. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಇರುವ ಮಿತಿ ಇದು, ನಾನು ಇದನ್ನೇ ಅನುಸರಿಸಿದೆ. ಕೂಲಿ ಕಳೆಯದೆ ಬೇರೆ ಕೆಲಸ ಕೊಡುವ ಮಾತನ್ನು ಮಾಲೀಕರ ಹತ್ತಿರ ಹಂತ 6ರಲ್ಲೇ ಆಡಿರಬೇಕು. ಕೆಲಸಗಾರರ ಒಪ್ಪಿಗೆಯಿಲ್ಲದೆ ಅವರ ಹೆಸರು, ಅಂಕಿ ಯಾರ ಕೈಗೂ ಹೋಗಬಾರದು.

ನಾನು ಅಂಗೈ ಅಗಲದ ಚೀಟಿ ಮಾಡಿದ್ದೆ. ಮೇಲೆ ಅವರ ಹೆಸರು, ಕೆಳಗೆ ಎರಡು ಕಂಬದ ಚಿತ್ರ, ಮಾರ್ಚ್‌ನದ್ದು ಒಂದು, ಮೇ ತಿಂಗಳದ್ದು ಒಂದು. ಒಬ್ಬೊಬ್ಬರ ಮನೆಗೇ ಹೋಗಿ ಕೊಟ್ಟೆ. ಎರಡನೇ ಕಂಬ ಗಿಡ್ಡವಾಗಿದ್ದ ಒಬ್ಬ ಅಕ್ಕ ಅದನ್ನು ತುಂಬಾ ಹೊತ್ತು ನೋಡಿದರು. "ಇದು ಮತ್ತೆ ಉದ್ದ ಆಗ್ತದಾ?" ಎಂದು ಕೇಳಿದರು. ಆಗುತ್ತದೆ ಎಂದೆ. ಚೀಟಿಯ ಹಿಂದೆ ಮತ್ತೆ ರಕ್ತ ತೆಗೆಯುವ ತಾರೀಕು ಬರೆದುಕೊಟ್ಟೆ. ಅವರು ಅದನ್ನು ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು.